ಹಿರಿಯ ಮಗನ ದಿಬ್ಬ

ಝಾಬ್ ಹೊಳೆ ಬೆಟ್ಟಸಾಲನ್ನು ಇಳಿದು ಬಯಲಿಗೆ ಬಂದ ಮೇಲೆ, ಟೈಗ್ರಿಸ್ ನದಿಯನ್ನು ಸೇರುವ ಮುನ್ನ, ಒಂದು ಕಡೆ ಅಗಲವಾಗಿ ಹರಡಿಕೊಂಡು ಹರಿಯುತ್ತದೆ. ಅಲ್ಲಿ ಈಗ ಕಬ್ಬಿಣದ ಸೇತುವೆಯಿದೆ. ಸೇತುವೆಯ ಪೂರ್ವಕ್ಕೆ, ಹಳೆಯ ಊರೊಂದು ಮಣ್ಣಾಗಿ ಉಳಿದ ಭಾರಿ ದಿಬ್ಬ ಕಾಣುತ್ತದೆ. ಅದನ್ನು ಹತ್ತಿ ಇಳಿಯುವಷ್ಟರಲ್ಲಿ ಗಟ್ಟಿಮುಟ್ಟಾದವರಿಗೂ ಏದುಸಿರು ಬರುತ್ತದೆ. ಅದಕ್ಕೆ ವಿಶೇಷವಾದ ಹೆಸರೇನೂ ಇಲ್ಲ. ಊರದಿಬ್ಬ ಎಂದು ಸುಮ್ಮನಾಗುತ್ತೇವೆ. ಪಶ್ಚಿಮದ ದಂಡೆಯಲ್ಲಿ, ಸೇತುವೆ ಇಳಿದ ಕೂಡಲೇ ಎಡಕ್ಕೆ, ಇನ್ನೊಂದು ದಿಬ್ಬವಿದೆ. ದಿಬ್ಬ ಎನ್ನಲೂ ಸಂಕೋಚವಾಗಬೇಕು, ಅದರ ಹಿಂದೆ ಒಂದು ಕತ್ತೆ ನಿಂತರೆ ಕಿವಿಗಳೆರಡೂ ಮೇಲೆ ಕಾಣುತ್ತವೆ. ಇದರ ಹೆಸರು ಹಿರಿಯ ಮಗನ ದಿಬ್ಬ. ದೂರದಿಂದ ಬಂದವರು ಈ ಹೆಸರು ಕೇಳಿ ನಗುತ್ತಾರೆ, ಕಿರಿಯ ಮಗನದು ಇನ್ನೆಷ್ಟಿರಬಹುದು ಎಂದು ಹಾಸ್ಯ ಮಾಡುತ್ತಾರೆ. ಹಿಂದೆ ಇದು ಬಹಳ ಎತ್ತರವಿತ್ತು, ಹೊಳೆ ತಿಂದು ತಿಂದು ಇಷ್ಟಾಯಿತು ಎಂದು ಪ್ರವಾಸಿಗರನ್ನು ಕರೆತರುವವರು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಾರೆ. ಹೊಳೆ ಇದನ್ನು ಮುಟ್ಟಿಯೇ ಇಲ್ಲ. ನಾನು ಇದೇ ಹೊಳೆಯ ದಂಡೆಯಲ್ಲಿ ಹುಟ್ಟಿದವನು, ನನ್ನ ಅಜ್ಜನ ಕಾಲದವರೆಗೆ ನಮ್ಮ ಮನೆಯವರು ಇಲ್ಲಿ ತೆಪ್ಪ ನಡೆಸಿ ಬದುಕಿದವರು. ಗೊತ್ತಿರುವುದನ್ನು ಹೇಳುತ್ತೇನೆ, ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು.

ಹಿಂದೆ ಒಮ್ಮೆ, ಅಸ್ಸೀರಿಯದ ದೊರೆಗಳು ನಾಲ್ಕು ದಿಕ್ಕಿಗೂ ತಮ್ಮ ಮಾತು ನಡೆಯುವಂತೆ ಆಳುತ್ತಿದ್ದ ಕಾಲದಲ್ಲಿ, ಊರದಿಬ್ಬ ಇರುವಲ್ಲಿ ತೆಪ್ಪದವರ ಊರಿತ್ತು ಎನ್ನುತ್ತಾರೆ. ಮೇಕೆಯ ತೊಗಲನ್ನು ಇಡಿಯಾಗಿ ಸುಲಿದು, ಕಾಲು ಕತ್ತುಗಳನ್ನು ಬಿಗಿದು, ಬಾಯಿಂದ ಗಾಳಿ ಊದಿ ಉಬ್ಬಿಸಿ, ಅಂಥವನ್ನು ಸಾಲಾಗಿ ಜೋಡಿಸಿ, ಮೇಲೆ ಗಳುಗಳನ್ನು ಕಟ್ಟಿದರೆ ಒಂದು ತೆಪ್ಪ. ಕುದುರೆಯಾಗಲಿ ರಥವಾಗಲಿ ಕಲ್ಲಿನ ವಿಗ್ರಹವಾಗಲಿ, ಈ ಹೊಳೆ ದಾಟಬೇಕಾದರೆ ತೆಪ್ಪದವರ ಉಸಿರಿನ ಮೇಲೆಯೇ ದಾಟಬೇಕಿತ್ತು. ಅವರ ಯಜಮಾನನ ಹೆಸರು ಕಿದಿನ. ಅದೇ ಊರಿನ ಅಹಾತು ಎಂಬ ಹೆಂಗಸು ಹರೆಯದಲ್ಲಿ ಅರಮನೆಗೆ ಹೋಗಿದ್ದಳು. ದೊರೆಯ ಚೊಚ್ಚಲ ಮಗನಿಗೆ ತಾಯಿಯ ಹಾಲು ಸಾಲದೆ, ತನ್ನ ಕೂಸನ್ನು ಕಳೆದುಕೊಂಡು ಎದೆ ಬಿಗಿದುಕೊಂಡಿದ್ದ ಇವಳನ್ನು ಕರೆಸಿಕೊಂಡಿದ್ದರು. ಆ ಮಗುವನ್ನು ಅವಳು ಮೊಲೆಯೂಡಿಸಿ, ನಡೆಯಲು ಕಲಿಸಿ, ಕುದುರೆಯ ಮೇಲೆ ಕೂರುವಷ್ಟು ದೊಡ್ಡವನಾದ ಮೇಲೆ ಬಿಟ್ಟು ಬಂದಳು. ಊರಿನವರಿಗೆ ಅದೊಂದು ದೊಡ್ಡ ಹೆಮ್ಮೆ. ನಮ್ಮ ಹಾಲು ಸಿಂಹಾಸನ ಏರುತ್ತದೆ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ದೊರೆಯ ಮನಸ್ಸು ಬೇರೆಯಾಗಿತ್ತು. ಅವನಿಗೆ ಚೊಚ್ಚಲ ಮಗನಿಗಿಂತ ನಾದಿನನೆಂಬ ಕಿರಿಯ ಮಗನೇ ಆಳಲು ತಕ್ಕವನೆಂದು ತೋರಿತು. ದೈವಜ್ಞರೂ ಕುರಿಯ ಯಕೃತ್ತಿನಲ್ಲಿ ಗುರುತು ನೋಡಿ ದೊರೆಗೆ ಬೇಕಾದುದನ್ನೇ ಹೇಳಿದರು. ಈ ಯಕೃತ್ತಿನ ಶಾಸ್ತ್ರ ನನಗೆ ತಿಳಿಯದು, ಆದರೆ ದೊರೆಯ ಮುಖ ನೋಡಿ ಮಾತಾಡುವ ಶಾಸ್ತ್ರ ಎಲ್ಲ ಕಾಲದಲ್ಲೂ ಇದೆ. ನಾದಿನನನ್ನು ಉತ್ತರಾಧಿಕಾರಿಯ ಅರಮನೆಗೆ ಕಳುಹಿಸಿ, ಅವನಿಗೆ 'ಹಿರಿಯ ಮಗ' ಎಂಬ ಪದವಿ ಕೊಟ್ಟರು. ಮುಂದಿನದೆಲ್ಲ ಈ ಒಂದು ಮಾತಿನಿಂದ ಆಯಿತು. ಹಿರಿಯ ಎಂಬುದಕ್ಕೆ ಅವರ ಭಾಷೆಯಲ್ಲೂ ನಮ್ಮಲ್ಲಿರುವಂತೆ ಎರಡು ಅರ್ಥ: ಮೊದಲು ಹುಟ್ಟಿದವನು ಹಿರಿಯ, ಮೇಲಿನ ಸ್ಥಾನದಲ್ಲಿ ಕೂತವನೂ ಹಿರಿಯ. ಅರಮನೆಯಲ್ಲಿ ಹಿರಿಯ ಮಗ ಎಂದರೆ ಪಟ್ಟಕ್ಕೆ ಆರಿಸಿದವನು, ಅವನು ಕೊನೆಯ ಕೂಸಾದರೂ ಸರಿ. ಹೊಳೆಯ ದಂಡೆಯಲ್ಲಿ ಹಿರಿಯ ಮಗ ಎಂದರೆ ಹಿರಿಯ ಮಗನೇ. ಈ ವ್ಯತ್ಯಾಸ ಅರಮನೆಯವರಿಗೆ ಹೊಳೆಯಲಿಲ್ಲ, ದಂಡೆಯವರಿಗೆ ಗೊತ್ತಾಗುವ ದಾರಿಯಿರಲಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಉತ್ತರಾಧಿಕಾರಿಯನ್ನು ಆರಿಸಿದ ಮೇಲೆ ಊರೂರಿಗೆ ಅಧಿಕಾರಿ ಹೋಗಿ, ಜನರನ್ನು ಕೂಡಿಸಿ, ಅವನನ್ನು ಕಾಯುತ್ತೇವೆಂದು ಆಣೆ ಮಾಡಿಸಬೇಕು. ನೀರು ಕುಡಿದು, ಮೈಗೆ ಎಣ್ಣೆ ಹಚ್ಚಿಕೊಂಡು ಮಾಡುವ ಆಣೆ. ತಪ್ಪಿದರೆ ಈ ನೀರು ಕರುಳಿನಲ್ಲಿ ವಿಷವಾಗಲಿ, ಈ ಎಣ್ಣೆಯಂತೆ ಶಾಪ ಮೈಯೊಳಗೆ ಇಳಿಯಲಿ ಎಂದು ಹೇಳಬೇಕು. ತೆಪ್ಪದವರ ಊರಿಗೆ ಅಧಿಕಾರಿ ಬಂದದ್ದು ಬೆಟ್ಟದ ಹಿಮ ಕರಗಿ ಹೊಳೆ ಕೆಂಪಾಗಿ ಮೊರೆಯುವ ದಿನಗಳಲ್ಲಿ. ಅವನು ಪಶ್ಚಿಮದ ದಂಡೆಗೆ ಬಂದು ನಿಂತ, ನೀರನ್ನು ನೋಡಿದ, ಗಾಳಿ ತುಂಬಿದ ಮೇಕೆಯ ತೊಗಲುಗಳನ್ನು ನೋಡಿದ. ಅವನ ಜೀವ ಬಾಯಿಗೆ ಬಂತು. ದೊರೆಯ ಆಜ್ಞೆಯಲ್ಲಿ ಊರಿನವರಿಂದ ಆಣೆ ಮಾಡಿಸು ಎಂದಿದೆಯೇ ಹೊರತು ಹೊಳೆ ದಾಟು ಎಂದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅಲ್ಲಿಂದಲೇ ಆಣೆಯನ್ನು ಓದಿ ಕೂಗಿದ. ಈಚೆ ಪೂರ್ವದ ದಂಡೆಯಲ್ಲಿ ಊರಿಗೆ ಊರೇ ಕಿವಿಯ ಹಿಂದೆ ಕೈಯಿಟ್ಟು ನಿಂತಿತ್ತು. ನಾದಿನನ ಹೆಸರು ಆಣೆಯ ಮೊದಲಲ್ಲಿ ಒಮ್ಮೆ ಬರುವುದು. ಅದನ್ನು ಓದಿದವನು ಅಧಿಕಾರಿಯೊಬ್ಬನೇ, ಹೊಳೆ ಅದನ್ನು ನುಂಗಿತು. ಮುಂದೆ ಪ್ರತಿ ಸಾಲಿನ ಕೊನೆಗೂ 'ಹಿರಿಯ ಮಗನನ್ನು ಕಾಯುತ್ತೇವೆ' ಎಂಬ ಪಲ್ಲವಿಯನ್ನು ಅವನ ಸೈನಿಕರೆಲ್ಲ ಒಟ್ಟಿಗೆ ಕೂಗಿದರು. ಅದು ಮಾತ್ರ ಈಚೆಗೆ ಚೆನ್ನಾಗಿ ಕೇಳಿಸಿತು. ಊರಿನವರು ಸಂತೋಷದಿಂದ ಹೊಳೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು.

ಕಿದಿನ ಎಚ್ಚರದ ಮನುಷ್ಯ. ಮಣ್ಣಿನ ಹಲಗೆಯ ಮೇಲೆ ಊರಿನ ಪರವಾಗಿ ಉಗುರಿನ ಗುರುತು ಒತ್ತಲು ತೆಪ್ಪದಲ್ಲಿ ಆಚೆಗೆ ಹೋದಾಗ, ಆಣೆ ಮಾಡಿದ್ದು ಯಾರಿಗೆ ಎಂದು ಇನ್ನೊಮ್ಮೆ ತಿಳಿಸಬೇಕು ಎಂದು ಕೈಮುಗಿದು ಕೇಳಿದ. ಅಧಿಕಾರಿಗೆ ಹೊರಡುವ ಆತುರ. "ಹಿರಿಯ ಮಗನಿಗೆ ಅಂತ ಇಷ್ಟು ಜನ ಗಂಟಲು ಹರಿಯೋ ಹಾಗೆ ಕೂಗಿದ್ದು ಕೇಳಿಸಲಿಲ್ಲವೇನಯ್ಯ?" ಎಂದು ಗದರಿದ. ಕಿದಿನ ಹಾಗಿದ್ದರೆ ಸರಿ ಎಂದು ನೆಮ್ಮದಿಯಿಂದ ಉಗುರೊತ್ತಿ ಬಂದ. ಅಂದು ಅಹಾತುವಿನ ಮನೆಯ ಮುಂದೆ ಎಲ್ಲರೂ ಸೇರಿ ಖರ್ಜೂರ ಹಂಚಿದರಂತೆ.

ಕೆಲವು ವರ್ಷಗಳ ಮೇಲೆ ಮುದಿ ದೊರೆ ತೀರಿಕೊಂಡ. ಚೊಚ್ಚಲ ಮಗ ಆಗ ಪೂರ್ವದ ಗಡಿಯಲ್ಲಿ ದಂಡಿನ ಜೊತೆಗಿದ್ದ. ತನ್ನನ್ನು ದಾಟಿ ತಮ್ಮನನ್ನು ಪಟ್ಟಕ್ಕೆ ಆರಿಸಿದ್ದನ್ನು ಅವನು ವರ್ಷಗಳಾದರೂ ಮರೆತಿರಲಿಲ್ಲ. ಅವನು ದಂಗೆಯೆದ್ದು ರಾಜಧಾನಿಯ ಕಡೆಗೆ ಹೊರಟ, ದಾರಿಯಲ್ಲಿ ಎಷ್ಟೋ ಊರುಗಳು ಅವನ ಜೊತೆ ಸೇರಿದವು. ಹೊಳೆಯ ದಂಡೆಗೆ ಬಂದಾಗ, ಹಿರಿಯ ಮಗ ಪಟ್ಟವೇರಲು ಹೊರಟಿದ್ದಾನೆಂದು ನಂಬಿದ್ದ ತೆಪ್ಪದವರು ಕರೆಯುವ ಮೊದಲೇ ತೆಪ್ಪ ಕಟ್ಟಿ ನಿಂತಿದ್ದರು. ದಂಡಿನ ನಾಯಕರಿಗೆ ಆಶ್ಚರ್ಯ. ದಂಗೆಗೆ ಇಷ್ಟು ನಗುನಗುತ್ತಾ ಕೈಜೋಡಿಸಿದ ಊರನ್ನು ಅವರು ಕಂಡಿರಲಿಲ್ಲ. "ಹಿರಿಯ ಮಗನಿಗೆ ಆಣೆ ಮಾಡಿದ್ದೇವೆ ಬುದ್ಧಿ, ತಪ್ಪುತ್ತೇವೆಯೇ?" ಎಂದ ಕಿದಿನ. ರಾಜಕುಮಾರ ಆ ಮಾತು ಕೇಳಿ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. ಏನೋ ಹೇಳಲು ಹೋಗಿ ಸುಮ್ಮನಾದ. ಅಹಾತುವಿನ ಕಾಲು ಮುಟ್ಟಿ ತೆಪ್ಪ ಹತ್ತಿದ. ದಂಡೆಲ್ಲ ದಾಟಿತು.

ಗೆಲುವು ಅವನ ಕಡೆಗಿರಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ದಂಗೆ ಮುರಿದು, ಸೇರಿದ್ದ ಊರುಗಳು ಒಂದೊಂದಾಗಿ ತಮ್ಮನ ಕಾಲಿಗೆ ಬಿದ್ದು, ಹಿರಿಯವನು ತೊಡೆಯಲ್ಲಿ ಬಾಣದ ಗಾಯ ಹೊತ್ತು ಬೆರಳೆಣಿಕೆಯ ಜನರೊಂದಿಗೆ ಹೊಳೆಗೆ ಮರಳಿದ. ತೆಪ್ಪದವರು ಅವನನ್ನು ಈಚೆಗೆ ಕರೆತಂದು, ತೆಪ್ಪಗಳನ್ನೆಲ್ಲ ಪೂರ್ವದ ದಂಡೆಯಲ್ಲೇ ಕಟ್ಟಿಹಾಕಿದರು. ಅಹಾತುವಿನ ಮನೆಯಲ್ಲಿ ಅವನ ಗಾಯಕ್ಕೆ ಮದ್ದು ಕಟ್ಟುತ್ತಿರುವಾಗಲೇ ಈಗ ದೊರೆಯಾಗಿದ್ದ ನಾದಿನ ತನ್ನ ದಂಡಿನೊಂದಿಗೆ ಎದುರು ದಂಡೆಗೆ ಬಂದಿಳಿದ. ಮುಂಚೆ ಅಧಿಕಾರಿ ನಿಂತ ಜಾಗದಲ್ಲೇ ನಿಂತು ಒಬ್ಬ ಸಾರುವವನು ಹಳೆಯ ಆಣೆಯನ್ನು ಮೊದಲಿಂದ ಓದಿದ. ಬೇಸಿಗೆಯ ಹೊಳೆ ಇಳಿದು ಸದ್ದಿಲ್ಲದೆ ಹರಿಯುತ್ತಿತ್ತು. ನಾದಿನನ ಹೆಸರು, ಅವನಿಗೆ ಕೊಟ್ಟ ಹಿರಿಯ ಮಗನೆಂಬ ಪದವಿ, ಕೆಳಗೆ ಉಗುರೊತ್ತಿದ ಕಿದಿನನ ಹೆಸರು, ಎಲ್ಲವೂ ಒಂದಕ್ಷರ ಬಿಡದೆ ಈಚೆಗೆ ಕೇಳಿಸಿತು. ತೆಪ್ಪಗಳನ್ನು ಕಳಿಸಿ, ದ್ರೋಹಿಯನ್ನು ಒಪ್ಪಿಸಿ, ಇಲ್ಲವಾದರೆ ಆಣೆ ಮುರಿದ ಊರಿಗೆ ಏನಾಗುತ್ತದೆಂದು ನಿಮಗೆ ಗೊತ್ತು ಎಂದು ಅವನು ಮುಗಿಸಿದ. ಆಣೆ ಮುರಿದ ಊರಿಗೆ ಬೆಂಕಿಯಿಟ್ಟು, ನೆಲಕ್ಕೆ ಉಪ್ಪು ಎರಚಿ, ಉಳಿದವರನ್ನು ದೂರದೇಶಕ್ಕೆ ಅಟ್ಟುವುದು ಅವರ ರೂಢಿ. ಪ್ರಾಮಾಣಿಕವಾಗಿ ಮಾತು ಉಳಿಸಿಕೊಂಡ ಊರು ಒಂದು ಪದದಿಂದ ದ್ರೋಹಿಯಾಗಿ ನಿಂತಿತ್ತು.

ಕುಮಾರನಿಗೆ ದಾರಿ ತೆರೆದೇ ಇತ್ತು. ಊರಿನ ಬೆನ್ನಿಗೆ ಬೆಟ್ಟಗಳಿವೆ. ಕುದುರೆ ಹತ್ತಿದರೆ ದಂಡು ಹೊಳೆ ದಾಟುವಷ್ಟರಲ್ಲಿ ಯಾರ ಕೈಗೂ ಸಿಗದಷ್ಟು ದೂರ ಹೋಗಬಹುದಿತ್ತು. ಅಹಾತು ರೊಟ್ಟಿ ಕಟ್ಟಿ ತಂದು ಅವನ ಮುಂದಿಟ್ಟಳು. "ಎದ್ದು ಓಡು ಮಗನೇ. ನಮ್ಮದು ತಿಳಿಯದೆ ಆದ ತಪ್ಪು. ನಿನಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ದೇವರು ನೋಡಿಕೊಳ್ಳುತ್ತಾನೆ" ಎಂದಳು. ಕುಮಾರ ರೊಟ್ಟಿಯ ಗಂಟನ್ನು ಮುಟ್ಟಲಿಲ್ಲ.

"ನನಗೆ ತಿಳಿದಿತ್ತು ಅವ್ವಾ" ಎಂದ. "ಕಿದಿನ ಆ ಮಾತು ಹೇಳಿದ ದಿನವೇ ನೀವು ಮೋಸ ಹೋಗಿದ್ದೀರಿ ಅಂತ ತಿಳಿಯಿತು. ಬಿಡಿಸಿ ಹೇಳಿದರೆ ತೆಪ್ಪ ಸಿಗೋದಿಲ್ಲ ಅಂತ ಬಾಯಿ ಮುಚ್ಚಿಕೊಂಡೆ."

ಅಹಾತು ಅವನನ್ನು ದಿಟ್ಟಿಸಿ ನೋಡಿದಳು. ಆ ಮುಖವನ್ನು ಅವಳು ಹೆತ್ತವಳಿಗಿಂತ ಚೆನ್ನಾಗಿ ಬಲ್ಲವಳು. "ನನ್ನ ಹಾಲು ಕುಡಿದು, ನನ್ನ ಊರಿನ ಬಾಯಿಗೇ ಮಣ್ಣು ಹಾಕಿದೆಯಲ್ಲೋ" ಎಂದು ಕೂಗಿ, ಅವನ ಭುಜಕ್ಕೆ ಎರಡೂ ಕೈಯಿಂದ ಹೊಡೆದು, ಹೊಡೆದ ಭುಜವನ್ನೇ ತಬ್ಬಿಕೊಂಡು ಅತ್ತಳು. ಅವನು ಹೊಡೆಸಿಕೊಂಡು ಕೂತಿದ್ದ. ಅವಳ ಅಳು ತಗ್ಗಿದ ಮೇಲೆ ಕಿದಿನನನ್ನು ಕರೆಸಿ, ತನ್ನ ಕೈಗಳನ್ನು ತೆಪ್ಪದ ಹಗ್ಗದಿಂದ ಕಟ್ಟಲು ಹೇಳಿದ. ಕಿದಿನ ಆಗದು ಎಂದು ತಲೆಯಾಡಿಸಿದಾಗ, ಸಡಿಲವಾಗಿ ಕಟ್ಟಿದರೆ ತಮ್ಮನಿಗೆ ಅನುಮಾನ ಬರುತ್ತದೆ, ಬಿಗಿಯಾಗಿ ಕಟ್ಟು ಎಂದಷ್ಟೇ ಹೇಳಿದನಂತೆ.

ತೆಪ್ಪ ಆಚೆ ದಂಡೆ ಮುಟ್ಟುವ ಮೊದಲೇ ಅವನು ಕೂಗಾಡಲು ಶುರುಮಾಡಿದ. ಈ ಮೇಕೆ ತೊಗಲಿನ ಜನ ತನ್ನನ್ನು ಮದ್ದು ಕಟ್ಟುವ ನೆಪದಲ್ಲಿ ಮನೆಗೆ ಕರೆದು ಹಗ್ಗ ಬಿಗಿದರು, ಮೊದಲು ತೆಪ್ಪ ಕೊಟ್ಟಿದ್ದೂ ಕತ್ತಿಗೆ ಹೆದರಿ, ಇವರಷ್ಟು ನಿನ್ನ ಆಣೆಗೆ ಅಂಟಿಕೊಂಡ ಮೂರ್ಖರನ್ನು ತಾನು ನೋಡಿಲ್ಲ ಎಂದು ತಮ್ಮನ ಮುಂದೆ ಬೈದ. ಬದುಕಿನಲ್ಲಿ ಅವನು ಆಡಿದ ಒಳ್ಳೆಯ ಸುಳ್ಳು ಅದೊಂದೇ ಇರಬೇಕು. ನಾದಿನ ಕಿದಿನನತ್ತ ತಿರುಗಿ, ನೀನು ಆಣೆ ಮಾಡಿದ್ದು ಯಾರಿಗೆ ಎಂದು ಕೇಳಿದ. ಕಿದಿನ ಕೈಮುಗಿದ. "ಹಿರಿಯ ಮಗನಿಗೆ ಒಡೆಯಾ" ಎಂದ. ಅವನು ಸುಳ್ಳು ಹೇಳಲಿಲ್ಲ, ದೊರೆ ತನಗೆ ಬೇಕಾದ ಉತ್ತರವನ್ನೇ ಕೇಳಿಸಿಕೊಂಡ. ಊರು ಉಳಿಯಿತು.

ಕುಮಾರನನ್ನು ದಂಡೆಯಲ್ಲೇ ಕೊಂದರು. ಆಮೇಲೆ ದೊರೆಯ ಅಪ್ಪಣೆಯನ್ನು ಸಾರಿದರು: ದ್ರೋಹಿಯ ಹೆಸರನ್ನು ಯಾರೂ ನಾಲಿಗೆಯ ಮೇಲೆ ತರಕೂಡದು, ಬರೆದಲ್ಲೆಲ್ಲ ಕೆತ್ತಿ ತೆಗೆಯಬೇಕು, ಅವನಿಗೆ ಗೋರಿಯಿಲ್ಲ, ನೀರಿಲ್ಲ. ಈ ಕೊನೆಯ ಮಾತು ಸಾವಿಗಿಂತ ಘೋರವಾದದ್ದು. ಸತ್ತವನಿಗೆ ಅವನ ರಕ್ತಸಂಬಂಧಿಗಳು ಹೆಸರು ಹೇಳಿ ನೆಲಕ್ಕೆ ನೀರು ಹೊಯ್ಯಬೇಕು, ಆ ನೀರು ಪಾತಾಳಕ್ಕೆ ಇಳಿದು ಅವನ ಬಾಯಿಗೆ ಸೇರುತ್ತದೆ, ಹೊಯ್ಯುವವರಿಲ್ಲದ ಜೀವ ಧೂಳು ನೆಕ್ಕುತ್ತಾ ಎಂದೆಂದಿಗೂ ಬಾಯಾರಿ ಅಲೆಯುತ್ತದೆ ಎಂದು ಆ ಕಾಲದವರು ನಂಬಿದ್ದರು. ಅಪ್ಪಣೆ ಸಾರುವಾಗ ನಾದಿನ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ ಎನ್ನುತ್ತಾರೆ. ಅಹಾತುವಿಗೆ ಊರು ಉಳಿದ ಸಂತೋಷವೂ ಇಲ್ಲದಂತಾಯಿತು. ತಾನು ಹಾಲೂಡಿಸಿದ ಬಾಯಿಗೆ ಇನ್ನು ತೊಟ್ಟು ನೀರಿಲ್ಲ ಎಂಬುದೊಂದೇ ಅವಳಿಗೆ ಕೊರಗಾಯಿತು.

ತೆಪ್ಪದವರು ಪ್ರತಿ ಬೇಸಿಗೆಯ ಕೊನೆಗೆ ಎರಡೂ ದಂಡೆಗಳ ಇಳಿಜಾರಿಗೆ ಮಣ್ಣು ಹಾಕಿ ಸರಿಪಡಿಸುವುದು ವಾಡಿಕೆ. ಆ ವರ್ಷ ಪಶ್ಚಿಮದ ದಂಡೆಗೆ ಮಣ್ಣು ಹೊತ್ತವರೆಲ್ಲ ಒಂದೊಂದು ಬುಟ್ಟಿಯನ್ನು ಎಡಕ್ಕೆ ಜಾರಿಸಿದರು. ಯಾರೂ ಯಾರಿಗೂ ಹೇಳಿರಲಿಲ್ಲ. ಹೆಣ ಬಿದ್ದಿದ್ದ ಜಾಗ ಮುಚ್ಚಿತು, ಸಣ್ಣದೊಂದು ದಿಬ್ಬವಾಯಿತು. ಅದಕ್ಕಿಂತ ದೊಡ್ಡದಾದರೆ ಕಣ್ಣಿಗೆ ಬೀಳುತ್ತದೆಂದು ಅಲ್ಲಿಗೇ ನಿಲ್ಲಿಸಿದರು. ಆದರೂ ಒಬ್ಬ ಅಧಿಕಾರಿಯ ಕಣ್ಣಿಗೆ ಬಿದ್ದೇ ಬಿತ್ತು. ಇದೇನು ದಿಬ್ಬ ಎಂದು ಅವನು ಕೇಳಿದಾಗ, ಬುಟ್ಟಿ ಹಿಡಿದಿದ್ದ ಕಿದಿನನ ಬಾಯಿಂದ ಆ ಹಳೆಯ ಮಾತೇ ಬಂತು: ಹಿರಿಯ ಮಗನ ದಿಬ್ಬ. ಅಧಿಕಾರಿ ಹಿಗ್ಗಿಹೋದ. ದೊರೆ ಗೆದ್ದು ನಿಂತ ಜಾಗದ ನೆನಪಿಗೆ ಬಡ ಅಂಬಿಗರು ತಮ್ಮ ಕೈಲಾದಷ್ಟು ಮಣ್ಣು ಪೇರಿಸಿದ್ದಾರೆಂದುಕೊಂಡು, ದಿಬ್ಬಕ್ಕೆ ಬಾಗಿ ನಮಸ್ಕರಿಸಿ, ಇದರ ಮೇಲೆ ಯಾರೂ ಮೇಕೆ ಮೇಯಿಸಬಾರದು ಎಂದು ಕಟ್ಟಪ್ಪಣೆ ಮಾಡಿ ಹೋದ. ಊರನ್ನು ಮುಳುಗಿಸಲಿದ್ದ ಪದ ಈಗ ಅಹಾತುವಿನ ಮಗನನ್ನು ಕಾಯತೊಡಗಿತು. ಅವಳು ದಿನವೂ ಮೊದಲ ತೆಪ್ಪದಲ್ಲಿ ಆಚೆಗೆ ಹೋಗಿ, ಕೊಡ ತೊಳೆಯುವವಳಂತೆ ದಿಬ್ಬದ ಮೇಲೆ ನೀರು ಚೆಲ್ಲಿ ಬರುತ್ತಿದ್ದಳು. ಹೆಸರು ಹೇಳುವಂತಿಲ್ಲ. ತನ್ನದು ಹಾಲಿನ ಸಂಬಂಧ, ರಕ್ತದ್ದಲ್ಲ. ನೀರು ಅವನಿಗೆ ಮುಟ್ಟುತ್ತದೋ ಇಲ್ಲವೋ ಎಂಬ ಸಂಶಯ ಅವಳನ್ನು ತಿನ್ನುತ್ತಲೇ ಇತ್ತು.

ವರ್ಷಗಳು ಕಳೆದು, ಅವಳು ಸೊಂಟ ಬಾಗಿದ ಮುದುಕಿಯಾಗಿದ್ದಾಗ, ಪೂರ್ವದ ಗಡಿಗೆ ಹೊರಟಿದ್ದ ನಾದಿನ ದೊರೆ ಪಶ್ಚಿಮದ ದಂಡೆಯಲ್ಲಿ ತೆಪ್ಪಕ್ಕಾಗಿ ಕಾಯುತ್ತಾ ನಿಂತ. ದಿಬ್ಬದ ಮೇಲೆ ನೀರು ಚೆಲ್ಲುತ್ತಿದ್ದ ಮುದುಕಿಯನ್ನು ಕಂಡು ಹತ್ತಿರ ಬಂದು, ಇದು ಯಾರ ದಿಬ್ಬ ಎಂದು ಕೇಳಿದ. ಅವಳು ಕಣ್ಣು ಮಂಜಾಗಿ ಯಾರೆಂದು ತಿಳಿಯದೆ, ಎಲ್ಲರಿಗೂ ಹೇಳುವಂತೆ ಹಿರಿಯ ಮಗನ ದಿಬ್ಬ ಎಂದಳು.

"ಹಿರಿಯ ಮಗ ಅಂದರೆ ನಾನೇ, ಅಜ್ಜಿ. ನಾನಿನ್ನೂ ಬದುಕಿದ್ದೇನೆ. ಬದುಕಿದವನಿಗೆ ನೀರು ಹೊಯ್ಯುತ್ತಿದ್ದೀಯಾ?"

ಬದುಕಿರುವ ದೊರೆಗೆ ಸತ್ತವರ ನೀರು ಹೊಯ್ದರೂ ಮರಣದಂಡನೆ, ದ್ರೋಹಿಗೆ ಹೊಯ್ದರೂ ಮರಣದಂಡನೆ. ಅಹಾತು ಕೊಡವನ್ನು ಕೆಳಗಿಡಲಿಲ್ಲ. "ಹಾಗಾದರೆ ಯಾರ ದಿಬ್ಬ ಅಂತ ಒಡೆಯರೇ ಹೇಳಬೇಕು. ನನಗೆ ಹೆಸರು ಹೇಳಲು ಅಪ್ಪಣೆಯಿಲ್ಲ" ಎಂದಳು.

ದೊರೆ ತೆಪ್ಪ ಬಂದು ನಿಂತರೂ ಅತ್ತ ನೋಡಲಿಲ್ಲ. ಕೊನೆಗೆ ಮೆಲ್ಲನೆ, "ಚಿಕ್ಕವನಿದ್ದಾಗ ಅವನ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಹಿರಿಯಾ ಅಂತಲೇ ಕರೆಯುತ್ತಿದ್ದೆ. ಆ ಪದವಿಯನ್ನು ನನಗೆ ಕೊಟ್ಟ ದಿನ, ಇದು ಅವನದಲ್ಲವೇ ಅಂತ ಅಪ್ಪನನ್ನು ಕೇಳಿದ್ದೆ" ಎಂದ. ಆಮೇಲೆ ಮುದುಕಿಯ ಕೈಯಿಂದ ಕೊಡ ತೆಗೆದುಕೊಂಡು, ಪಾದರಕ್ಷೆ ಕಳಚಿ, ತಮ್ಮನಾಗಿ ಅಣ್ಣನಿಗೆ ನೀರು ಹೊಯ್ದ. ಹೊಯ್ಯುವಾಗ 'ಹಿರಿಯಾ' ಎಂದು ಒಂದು ಸಲ ಕರೆದ. ನಾದಿನ ತನ್ನ ಅಪ್ಪಣೆಯನ್ನು ಹಿಂದೆಗೆದುಕೊಳ್ಳಲಿಲ್ಲ, ದೊರೆಗಳು ಹಾಗೆ ಮಾಡುವುದಿಲ್ಲ. ಆದರೆ ತೆಪ್ಪ ಹತ್ತುವಾಗ ಅವನು ಅಳುತ್ತಿದ್ದುದನ್ನು ಎಲ್ಲರೂ ನೋಡಿದರು. ಇಷ್ಟು ವರ್ಷ ಚೆಲ್ಲಿದ್ದು ಏನಾಯಿತೋ ಕಾಣೆ, ಇದು ಮಾತ್ರ ನನ್ನ ಕೂಸಿಗೆ ಮುಟ್ಟಿತು ಎಂದು ಅಹಾತು ನೆಲಕ್ಕೆ ಕೂತು ಹೇಳಿದಳಂತೆ.

ಅಪ್ಪಣೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಆ ಹಿರಿಯವನ ನಿಜವಾದ ಹೆಸರು ಇಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ರಾಜ್ಯ ಹೋಯಿತು, ದೊರೆಗಳ ಭಾಷೆಯೂ ಹೋಯಿತು. ಸೇತುವೆ ಬಂದ ಮೇಲೆ ತೆಪ್ಪಗಳೂ ಹೋದವು. ನೀರು ಹೊಯ್ಯುವುದು ಮಾತ್ರ ನಿಂತಿಲ್ಲ. ಸುತ್ತಲಿನ ಬಯಲೆಲ್ಲ ಬಿಸಿಲಿಗೆ ಸುಟ್ಟು ಬೂದಿಬಣ್ಣಕ್ಕೆ ತಿರುಗುವ ತಿಂಗಳಲ್ಲಿ ಬಂದು ನೋಡಿ, ದಿಬ್ಬದ ನೆತ್ತಿಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಹಸಿರಾಗಿರುತ್ತದೆ. ಲಾರಿಯವರು ಸೇತುವೆ ಇಳಿದು ಗಾಡಿ ನಿಲ್ಲಿಸಿ, ಬಾಟಲಿಯಲ್ಲಿ ಉಳಿದ ನೀರನ್ನು ಅಲ್ಲಿ ಸುರಿಯುತ್ತಾರೆ. ಮನೆಯ ಹಿರಿಯನನ್ನು ಕಳೆದುಕೊಂಡವರು, ಅದರಲ್ಲೂ ಮಾತು ಬಿಟ್ಟಿದ್ದಾಗಲೇ ಕಳೆದುಕೊಂಡವರು, ದೂರದೂರದಿಂದ ಬರುತ್ತಾರೆ. ಹೆಸರು ಹಿಡಿಯದೆ, ಹಿರಿಯಾ ಎಂದಷ್ಟೇ ಕರೆದು ನೀರು ಹೊಯ್ಯಬೇಕು ಎಂಬುದು ಇಲ್ಲಿಯ ನಿಯಮ. ಕಳೆದ ಬೇಸಿಗೆಯಲ್ಲಿ ನರೆತ ಗಡ್ಡದವನೊಬ್ಬ ಒಬ್ಬನೇ ಬಂದಿದ್ದ. ಬಾಟಲಿಯನ್ನು ತೆರೆದು ಕೈಯಲ್ಲಿ ಹಿಡಿದುಕೊಂಡು ನಿಂತವನು ಕರೆಯಲಾರದೆ ತಡವರಿಸುತ್ತಿದ್ದ. ನಾನು ಹತ್ತಿರ ಹೋಗಿ, ಕರೆಯಪ್ಪ, ಕೇಳಿಸುತ್ತದೆ ಎಂದೆ. ಅವನು ಕರೆದ.